ಬೇಡವಾದದ್ದನ್ನು ಕೊಟ್ಟರೆ ದಾನವಾದೀತೇ?

ರಮಝಾನ್ ಸಮೀಪಿಸುತ್ತಿದ್ದಂತೆ ನಮ್ಮ ಮನೆಗಳಲ್ಲಿ ಶುಚಿತ್ವದ ಸಡಗರ ಆರಂಭವಾಗುತ್ತದೆ. ಅಟ್ಟದ ಪೆಟ್ಟಿಗೆಗಳು ಕೆಳಗಿಳಿಯುತ್ತವೆ. ಹಿಡಿ ಮುರಿದ ಪಾತ್ರೆ, ಕೆಟ್ಟುಹೋದ ಮಿಕ್ಸಿ, ಮಕ್ಕಳಿಗೆ ಗಿಡ್ಡವಾದ ಉಡುಪು, ಹಳೆಯ ಪತ್ರಿಕೆಗಳ ಕಟ್ಟು ಎಲ್ಲವೂ ರಾಶಿ ಬೀಳುತ್ತವೆ. ಆಗ ಮನೆಯಲ್ಲೊಂದು ಮಾತು ಕೇಳಿಬರುತ್ತದೆ: "ಯಾರಾದರೂ ಬಡವರಿಗೆ ಕೊಟ್ಟುಬಿಡಿ, ಪುಣ್ಯ ಸಿಗಲಿ." ಈ ಮಾತನ್ನು ಸ್ವಲ್ಪ ಪರಿಶೀಲಿಸೋಣ.

ಮದೀನಾದ ಅನ್ಸಾರರು ಬಡವರಿಗಾಗಿ ಖರ್ಜೂರದ ಗೊನೆಗಳನ್ನು ಮಸೀದಿಯಲ್ಲಿ ತೂಗುಹಾಕುತ್ತಿದ್ದರು. ಹಸಿದವರು ಅದನ್ನು ಕೋಲಿನಿಂದ ಬಡಿದು, ಉದುರಿದ ಹಣ್ಣು ತಿನ್ನುತ್ತಿದ್ದರು. ಕೆಲವರು ಮಾತ್ರ ಕಳಪೆ ಗೊನೆಗಳನ್ನು ತಂದು ತೂಗುಹಾಕಿದರು. ಸೂರಃ ಅಲ್‌ಬಕರಃದ 267ನೇ ಸೂಕ್ತವು ಈ ಸಂದರ್ಭದಲ್ಲಿ ಅವತೀರ್ಣವಾಯಿತೆಂದು ಬರಾಅ್ ಬಿನ್ ಆಝಿಬ್(ರ) ವರದಿ ಮಾಡಿದ್ದಾರೆ. ನಮಗೇ ಕೊಟ್ಟರೆ ಕಣ್ಣು ಮುಚ್ಚಿಕೊಂಡಲ್ಲದೆ ಸ್ವೀಕರಿಸಲಾರದಂಥದ್ದನ್ನು ಅಲ್ಲಾಹನ ಮಾರ್ಗದಲ್ಲಿ ಕೊಡಬಾರದೆಂಬುದೇ ಅದರ ಬೋಧನೆ. ಮನೆ ಖಾಲಿ ಮಾಡುವುದು ಬೇರೆ, ದಾನ ಮಾಡುವುದು ಬೇರೆ.

ಆದ್ದರಿಂದ ರಾಶಿಯನ್ನು ಮೂರು ಪಾಲು ಮಾಡಿರಿ.

ಮೊದಲನೆಯದು, ಇನ್ನೊಬ್ಬರ ಉಪಯೋಗಕ್ಕೆ ಬರುವಂಥದ್ದು. ಉಡುಪನ್ನು ಒಗೆದು, ಬಿಚ್ಚಿದ ಹೊಲಿಗೆ ಹಾಕಿ, ಗುಂಡಿ ಕೂರಿಸಿ, ಮಡಚಿ ಕೊಡಿರಿ. ಪಡೆಯುವವರ ಮುಖದಲ್ಲಿ ಸಂಕೋಚ ಮೂಡದಂತೆ ಕೊಡಿರಿ. ಕೊಟ್ಟ ಮೇಲೆ ಅದನ್ನು ಎತ್ತಿ ಆಡದಿರಿ.

ಎರಡನೆಯದು ಗುಜರಿ. ಕಾಗದ, ರಟ್ಟು, ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ ಎಲ್ಲಕ್ಕೂ ಎರಡನೆಯ ಬದುಕಿದೆ. ಲೋಹ ಕರಗಿ ಹೊಸ ವಸ್ತುವಾಗುತ್ತದೆ, ಕಾಗದ ಮತ್ತೆ ಕಾಗದವಾಗುತ್ತದೆ. ತೂಕ ಹೆಚ್ಚಲೆಂದು ಪತ್ರಿಕೆಗಳಿಗೆ ನೀರು ಚಿಮುಕಿಸುವುದು ವಂಚನೆ. ತೂಕದಲ್ಲಿ ಮೋಸವನ್ನು ಕುರ್‌ಆನ್ ಉಗ್ರವಾಗಿ ಖಂಡಿಸಿದೆ. ಬಂದ ಹಣವನ್ನು ಬಡವರಿಗೆ ಕೊಟ್ಟರೆ ಅದು ನಿಜವಾದ ದಾನ. ಆದರೆ ಕಟ್ಟು ಒಯ್ಯುವ ಮುನ್ನ ಒಮ್ಮೆ ಬಿಚ್ಚಿ ನೋಡಿರಿ. ಕುರ್‌ಆನಿನ ಹಾಳೆ, ಅಲ್ಲಾಹನ ನಾಮವಿರುವ ಪುಟಗಳು ಪೊಟ್ಟಣ ಕಟ್ಟುವ ಕಾಗದವಾಗಬಾರದು. ಜೀರ್ಣವಾದ ಮುಸ್‌ಹಫನ್ನು ಶುಭ್ರ ಬಟ್ಟೆಯಲ್ಲಿ ಸುತ್ತಿ, ಕಾಲ್ತುಳಿತವಿಲ್ಲದ ಜಾಗದಲ್ಲಿ ಹೂಳುವ ಕ್ರಮವಿದೆ.

ಮೂರನೆಯದು ಹಾನಿಕಾರಕವಾದದ್ದು. ಹಳೆಯ ಟ್ಯೂಬ್‌ಲೈಟಿನಲ್ಲಿ ಪಾದರಸವಿದೆ, ಒಡೆಯಬೇಡಿರಿ. ಸೆಲ್ಲು, ಮೊಬೈಲ್, ಕೆಟ್ಟ ವಿದ್ಯುತ್ ಉಪಕರಣಗಳನ್ನು ಬೇರೆಯಾಗಿ ಇಟ್ಟು, ನೋಂದಾಯಿತ ಸಂಸ್ಕರಣೆಗೆ ತಲಪಿಸಿರಿ. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಮೊಬೈಲ್, ವಿದ್ಯುತ್ ಉಪಕರಣಗಳ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೂ ಹೊರಿಸಿವೆ. ವಯರು, ಪ್ಲಾಸ್ಟಿಕ್ ಸುಡಬೇಡಿರಿ. ಆ ವಿಷದ ಹೊಗೆ ನೆರೆಮನೆಯ ತೊಟ್ಟಿಲಿಗೂ ತಲಪುತ್ತದೆ. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ, ಒಯ್ಯುವವನಿಗೆ ತಿಳಿಸಿ ಕೊಡಿರಿ. ಕಸ ಬೇರ್ಪಡಿಸುವ ಕೈಯೂ ಒಬ್ಬ ತಾಯಿಯ ಮಗುವಿನ ಕೈ. ದಾರಿಯಲ್ಲಿನ ಪೀಡೆಯನ್ನು ನೀಗಿಸುವುದು ಸದಕಃ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಹಾಗಿರುವಾಗ ಪೀಡೆಯನ್ನು ದಾರಿಗೆ ಎಸೆಯುವವರಿಗೆ ಏನೆನ್ನಬೇಕು?

ಕೊನೆಯದಾಗಿ, ಈ ರಾಶಿ ಎಲ್ಲಿಂದ ಬಂತೆಂದು ಯೋಚಿಸಿರಿ. ಅದರಲ್ಲಿ ಎಷ್ಟೋ ವಸ್ತುಗಳು ನಮಗೆಂದೂ ಬೇಕಾಗಿರಲಿಲ್ಲ. ದುರ್ವ್ಯಯ ಮಾಡುವವರನ್ನು ಕುರ್‌ಆನ್ ಶೈತಾನನ ಸಹೋದರರೆಂದು ಕರೆದಿದೆ. ಸಂಪತ್ತನ್ನು ಹೇಗೆ ಗಳಿಸಿದೆ, ಎಲ್ಲಿ ವ್ಯಯಿಸಿದೆ ಎಂದು ಪರಲೋಕದಲ್ಲಿ ನಮ್ಮನ್ನು ಪ್ರಶ್ನಿಸಲಾಗುವುದು. ನಮ್ಮ ಅಟ್ಟ ಆ ಲೆಕ್ಕದ ಒಂದು ಪುಟ. ಅದನ್ನು ಇಂದೇ ಓದಿಕೊಳ್ಳುವ ವಿವೇಕವನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.