ಹತ್ತರಲ್ಲಿ ಒಬ್ಬ: ಕೃತಜ್ಞತೆಯ ಒಂದು ಪಾಠ



"ಥ್ಯಾಂಕ್ಸ್‌ಗಿವಿಂಗ್ ಹತ್ತಿರ ಬರುತ್ತಿದೆ, ಕೃತಜ್ಞತೆಯ ಬಗ್ಗೆ ಒಂದು ಪಾಠದ ಹಾಗೆ ಬರೆದುಕೊಡಿ. ನಿಮ್ಮ ಕ್ರೈಸ್ತರಲ್ಲಿ ಇದನ್ನು ಹೇಗೆ ಕಾಣುತ್ತಾರೆ ಅಂತ ನಮಗೂ ತಿಳಿಯಲಿ" ಎಂದು ಸಂಪಾದಕರು ಕೇಳಿದ್ದರಿಂದ ಈ ಬರಹ. ನಾನು ಬಂಟ್ವಾಳ ತಾಲೂಕಿನವಳು. ಮನೆಮಾತು ಕೊಂಕಣಿ, ಬೀದಿಯ ಮಾತು ತುಳು, ಓದು ಬರಹ ಎಲ್ಲ ಕನ್ನಡ ಶಾಲೆಯಲ್ಲಿ. ದೇವಶಾಸ್ತ್ರ ಓದಿದವಳಲ್ಲ, ಇಲ್ಲಿನ ಚರ್ಚಿನಲ್ಲಿ ಭಾನುವಾರ ಮಕ್ಕಳಿಗೆ ಪಾಠ ಹೇಳುತ್ತೇನೆ, ಅಷ್ಟೆ. ನಮ್ಮ ಕೂಟದಲ್ಲಿ ಹೆಚ್ಚಿನವರು ಬೇರೆ ಬೇರೆ ಸಂಪ್ರದಾಯದವರು ಎಂಬುದು ನೆನಪಿದೆ. ನನ್ನ ಮನೆಯ ದೀಪದ ಬೆಳಕಿನಲ್ಲಿ ಕಂಡದ್ದನ್ನು ಹೇಳುತ್ತೇನೆ. ನಿಮ್ಮ ಮನೆಯ ದೀಪಕ್ಕೂ ಅದು ಹೊಂದಿದರೆ ಸಂತೋಷ.

೧. ಪದದಿಂದಲೇ ಶುರು ಮಾಡೋಣ

ಕೃತ ಎಂದರೆ ಮಾಡಿದ್ದು, ಜ್ಞ ಎಂದರೆ ತಿಳಿದವನು. ತನಗಾಗಿ ಇತರರು ಮಾಡಿದ್ದನ್ನು ತಿಳಿದವನೇ ಕೃತಜ್ಞ. ನೋಡಿ, ಈ ಪದದಲ್ಲಿ "ಥ್ಯಾಂಕ್ಸ್" ಎಂದು ಬಾಯಲ್ಲಿ ಹೇಳುವ ಮಾತೇ ಇಲ್ಲ. ತಿಳಿಯುವುದು ಮೊದಲು, ಹೇಳುವುದು ಆಮೇಲೆ.

ನಮ್ಮ ಊರಿನಲ್ಲಿ ಅಮ್ಮ ಗಂಜಿ ಬಡಿಸಿದಾಗ ಯಾರೂ ಧನ್ಯವಾದ ಹೇಳುತ್ತಿರಲಿಲ್ಲ. ಹೇಳಿದ್ದರೆ "ಇದೇನು ಹೊಸದಾಗಿ, ನಾನೇನು ನೆಂಟಳಾ?" ಎಂದು ಅಮ್ಮ ನಗುತ್ತಿದ್ದರು. ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ದಿನಕ್ಕೆ ಐವತ್ತು ಸಲ ಥ್ಯಾಂಕ್ಸ್ ಹೇಳುತ್ತಾರೆ, ಬಸ್ ಡ್ರೈವರಿಗೂ ಹೇಳುತ್ತಾರೆ. ಎರಡರಲ್ಲೂ ಒಳ್ಳೆಯದಿದೆ, ಎರಡರಲ್ಲೂ ಒಂದು ಅಪಾಯವಿದೆ. ಹೇಳದೇ ಇರುವಲ್ಲಿ ತಿಳಿವಳಿಕೆ ಮಾಸಿಹೋಗಬಹುದು. ಹೇಳುತ್ತಲೇ ಇರುವಲ್ಲಿ ಮಾತು ಸವೆದ ನಾಣ್ಯದಂತೆ ಆಗಬಹುದು.

ಇನ್ನೊಂದು ಪದ ಋಣ. "ಅನ್ನದ ಋಣ", "ಉಪ್ಪಿನ ಋಣ" ಎನ್ನುತ್ತೇವೆ. ಸಾಲಕ್ಕೂ ಇದೇ ಪದ. ಸಾಲ ತೀರಿಸಿದರೆ ಮುಗಿಯಿತು. ಆದರೆ ಕ್ರೈಸ್ತರು ಕೃಪೆ ಎಂದು ಕರೆಯುವುದು ತೀರಿಸಲಾಗದ್ದು, ತೀರಿಸಲಿ ಎಂದು ಕೊಟ್ಟದ್ದೂ ಅಲ್ಲ. ಹಾಗಾಗಿ ಕೃತಜ್ಞತೆ ನಮ್ಮಲ್ಲಿ ಲೆಕ್ಕ ಚುಕ್ತಾ ಮಾಡುವ ಕೆಲಸವಾಗದೆ, ಕೊಟ್ಟವರ ಕಡೆಗೆ ಮುಖ ತಿರುಗಿಸುವ ಕೆಲಸವಾಗುತ್ತದೆ.

೨. ಹೊಸ ಅಕ್ಕಿಯ ಹಬ್ಬ

ಸೆಪ್ಟೆಂಬರ್ 8 ಮಾತೆ ಮರಿಯಳ ಜನ್ಮದಿನ. ಮಂಗಳೂರು ಕಡೆಯ ಕ್ಯಾಥೊಲಿಕರಿಗೆ ಅದೇ ಮೊಂತಿ ಫೆಸ್ತ್, ತೆನೆ ಹಬ್ಬ. ಒಂಬತ್ತು ದಿನ ಮೊದಲಿಂದಲೇ ಮಕ್ಕಳು ತಟ್ಟೆ ತುಂಬ ಹೂ ತಂದು ಬಾಲೆ ಮರಿಯಳ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗಳನ್ನು ಪಾದ್ರಿಗಳು ಆಶೀರ್ವದಿಸಿ ಮನೆಮನೆಗೂ ಕೊಡುತ್ತಾರೆ. ಮನೆಯ ಹಿರಿಯರು ಆ ತೆನೆಯ ಕಾಳು ಬಿಡಿಸಿ, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರಿಗೂ ಹಂಚುತ್ತಾರೆ. ಆಮೇಲೆ ಬಾಳೆಲೆಯ ಮೇಲೆ ಬರೀ ತರಕಾರಿಯ ಊಟ. ಮೀನಿಲ್ಲದೆ ತುತ್ತು ಇಳಿಯದ ನಮ್ಮ ಕಡೆಯವರಿಗೆ ಅದೇ ಒಂದು ವಿಶೇಷ!

ಈ ಹಬ್ಬವನ್ನು ಈ ರೂಪದಲ್ಲಿ ಶುರು ಮಾಡಿದವರು ಫರಂಗಿಪೇಟೆಯ ಮೊಂತಿ ಮರಿಯಾನೊ ಚರ್ಚಿನಲ್ಲಿದ್ದ ಗೋವಾ ಮೂಲದ ಪಾದ್ರಿ ಜೋಕಿಂ ಮಿರಾಂದಾ, 1763ರಲ್ಲಿ ಎಂದು ಹೇಳುತ್ತಾರೆ. ಅದಾಗಿ ಇಪ್ಪತ್ತೊಂದು ವರ್ಷಕ್ಕೆ, 1784ರಲ್ಲಿ, ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ದಾರಿಯಲ್ಲೂ ಅಲ್ಲಿಯೂ ಅನೇಕರು ತೀರಿಹೋದರು. 1799ರ ನಂತರ ಅಳಿದುಳಿದವರು ಊರಿಗೆ ಮರಳಿ, ಗದ್ದೆ ಮನೆ ಚರ್ಚು ಎಲ್ಲವನ್ನೂ ಮತ್ತೆ ಕಟ್ಟಿಕೊಂಡರು. ಆ ಜನರ ಮೊಮ್ಮಕ್ಕಳ ಮೊಮ್ಮಕ್ಕಳು ಇಂದಿಗೂ ತೆನೆಯನ್ನು ಹಣೆಗೆ ಒತ್ತಿಕೊಳ್ಳುತ್ತಾರೆ. ಕೃತಜ್ಞತೆ ಹೊಟ್ಟೆ ತುಂಬಿದವರ ಹವ್ಯಾಸ ಎಂದು ಯಾರಾದರೂ ಹೇಳಿದರೆ ನಾನು ಈ ಕಥೆ ಹೇಳುತ್ತೇನೆ.

ಇದು ನಮ್ಮೊಬ್ಬರ ಸೊತ್ತೂ ಅಲ್ಲ. ಕರಾವಳಿಯ ಹಿಂದೂ ಮನೆಗಳಲ್ಲಿ ತೆನೆ ಕಟ್ಟಿ ಹೊಸ್ತು ಊಟ ಮಾಡುತ್ತಾರೆ. ಕೊಡಗಿನಲ್ಲಿ ಪುತ್ತರಿ, ಬಯಲುಸೀಮೆಯಲ್ಲಿ ಕಣದ ರಾಶಿ ಪೂಜೆ. ಸಿ.ಎಸ್.ಐ. ಸಭೆಗಳಲ್ಲಿ ಸುಗ್ಗಿಯ ಹಬ್ಬದಂದು ತೆಂಗಿನಕಾಯಿ, ಕುಂಬಳಕಾಯಿ, ಕೋಳಿ ಎಲ್ಲ ತಂದು ಅರ್ಪಿಸಿ, ಆಮೇಲೆ ಏಲಂ ಹಾಕುತ್ತಾರೆ. ಹೊಸ ಬೆಳೆಯ ಮೊದಲ ತುತ್ತು ತನ್ನದಲ್ಲ ಎಂಬ ತಿಳಿವಳಿಕೆ ನಮ್ಮ ನಾಡಿನ ಎಲ್ಲರಿಗೂ ಸೇರಿದ್ದು.

ಇಲ್ಲಿಯ ನಮ್ಮ ಮಕ್ಕಳಿಗೆ ಅಕ್ಕಿ ಬರುವುದು ಇಂಡಿಯನ್ ಅಂಗಡಿಯ 20 ಪೌಂಡಿನ ಚೀಲದಲ್ಲಿ. ಆದರೆ ಉತ್ತರಕ್ಕೆ ಎರಡು ಮೂರು ಗಂಟೆ ಕಾರಿನಲ್ಲಿ ಹೋದರೆ ಸ್ಯಾಕ್ರಮೆಂಟೊ ಕಣಿವೆಯಲ್ಲಿ ಭತ್ತದ ಗದ್ದೆಗಳೇ ಇವೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಅಲ್ಲಿ ಕೊಯ್ಲು. ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ ರಸ್ತೆ ಬದಿಯಿಂದಲಾದರೂ ತೋರಿಸಿ. ನಾವಿರುವ ಸಾಂತಾ ಕ್ಲಾರಾ ಕಣಿವೆಯೂ ಚಿಪ್ಪು, ಕಂಪ್ಯೂಟರುಗಳಿಗಿಂತ ಮೊದಲು ಪ್ಲಮ್, ಏಪ್ರಿಕಾಟ್ ತೋಟಗಳ ನಾಡಾಗಿತ್ತು ಎಂಬುದನ್ನೂ ಹೇಳಿ.

೩. ಹತ್ತು ಜನ ಗುಣವಾದರು

ಬೈಬಲಿನಲ್ಲಿ ಲೂಕನ ಶುಭಸಂದೇಶ, 17ನೇ ಅಧ್ಯಾಯ. ಯೇಸು ಸಮಾರ್ಯ ಮತ್ತು ಗಲಿಲಾಯದ ಗಡಿಯಲ್ಲಿ ನಡೆದುಹೋಗುವಾಗ ಹತ್ತು ಮಂದಿ ಕುಷ್ಠರೋಗಿಗಳು ದೂರದಿಂದ ಕೂಗಿ ಕರುಣೆ ಬೇಡುತ್ತಾರೆ. ಯಾಜಕರಿಗೆ ನಿಮ್ಮನ್ನು ತೋರಿಸಿಕೊಳ್ಳಿ ಎಂದು ಯೇಸು ಕಳುಹಿಸುತ್ತಾರೆ. ಹೋಗುವ ದಾರಿಯಲ್ಲೇ ಹತ್ತೂ ಜನ ಗುಣವಾಗುತ್ತಾರೆ. ಒಬ್ಬನು ಮಾತ್ರ ತಿರುಗಿ ಬಂದು ಕಾಲಿಗೆ ಬೀಳುತ್ತಾನೆ. ಅವನು ಸಮಾರ್ಯದವನು, ಅಂದರೆ ಯೆಹೂದ್ಯರ ಕಣ್ಣಿಗೆ ಹೊರಗಿನವನು. ಉಳಿದ ಒಂಬತ್ತು ಜನ ಎಲ್ಲಿ ಎಂದು ಯೇಸು ಕೇಳುತ್ತಾರೆ.

ಭಾನುವಾರದ ತರಗತಿಯಲ್ಲಿ ಒಬ್ಬ ಹುಡುಗ ನನ್ನನ್ನು ಕೇಳಿದ: "ಆಂಟಿ, ಆ ಒಂಬತ್ತು ಜನ ಹೇಳಿದ ಮಾತು ಕೇಳಿ ಯಾಜಕರ ಹತ್ತಿರ ಹೋದರಲ್ಲ, ಅದರಲ್ಲೇನು ತಪ್ಪು?" ಒಳ್ಳೆಯ ಪ್ರಶ್ನೆ. ಅವರ ಆರೋಗ್ಯವನ್ನು ಯೇಸು ವಾಪಸ್ ಕಿತ್ತುಕೊಳ್ಳಲಿಲ್ಲ. ಒಂಬತ್ತು ಜನಕ್ಕೆ ಕಾಯಿಲೆ ವಾಸಿಯಾಯಿತು; ಹತ್ತನೆಯವನಿಗೆ ವಾಸಿ ಮಾಡಿದವರ ಪರಿಚಯವೂ ಆಯಿತು. ಕೊಡುಗೆಯಿಂದ ಕೊಟ್ಟವರ ತನಕ ನಡೆದುಬಂದವನು ಅವನೊಬ್ಬನೇ.

ಆ ಒಬ್ಬನು ಪರದೇಶಿ ಎನ್ನುವುದು ಪರದೇಶದಲ್ಲಿರುವ ನಮಗೆ ಮುಖ್ಯ. ಹೊರಗಿನವನಿಗೆ ಯಾವುದೂ ಹಕ್ಕಿನಿಂದ ಬಂದದ್ದಲ್ಲ, ಅದಕ್ಕೇ ಅವನ ಕಣ್ಣಿಗೆ ಬೇಗ ಬಿತ್ತು. ನಾವು ಬಂದ ಮೊದಲ ವಾರ ಏರ್‌ಪೋರ್ಟಿನಿಂದ ಕರೆತಂದವರು, ಮೊದಲ ಪಾತ್ರೆ ಕೊಟ್ಟವರು, ಡ್ರೈವಿಂಗ್ ಕಲಿಸಿದವರು ನಮಗೆ ಆಗ ದೇವರ ಹಾಗೆ ಕಂಡಿದ್ದರು. ಹತ್ತು ವರ್ಷದ ಮೇಲೆ ಅವರ ಹೆಸರು ನೆನಪಿಗೆ ಬರುತ್ತದೆಯೇ?

೪. ಎಲ್ಲದಕ್ಕೂ ಎಂದಲ್ಲ, ಎಲ್ಲದರಲ್ಲೂ

ಸಂತ ಪೌಲನು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದಲ್ಲಿ ಯಾವ ಸ್ಥಿತಿಯಲ್ಲಿದ್ದರೂ ದೇವರಿಗೆ ಕೃತಜ್ಞರಾಗಿರಿ ಎಂಬ ಅರ್ಥದ ಮಾತು ಇದೆ. ನಮ್ಮ ಕನ್ನಡ ಮೇಷ್ಟ್ರ ವಿಭಕ್ತಿ ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅದು ಚತುರ್ಥಿಯಲ್ಲ, ಸಪ್ತಮಿ. ಕಾಯಿಲೆಗೆ ವಂದನೆ ಹೇಳು ಎಂದಿಲ್ಲ. ಕಾಯಿಲೆಯಲ್ಲಿಯೂ ವಂದಿಸಲು ಏನಾದರೂ ಉಳಿದಿದೆಯೇ ನೋಡು ಎಂದಿದೆ. ಸಂತೋಷದ ಮಾತುಗಳು ತುಂಬಿರುವ ಫಿಲಿಪ್ಪಿಯವರ ಪತ್ರವನ್ನು ಪೌಲನು ಬರೆದದ್ದು ಸೆರೆಮನೆಯಿಂದ.

ನಮ್ಮ ಮನೆಯ ಒಂದು ಮಾತು. 2023ರ ಜನವರಿಯಲ್ಲಿ ನನ್ನ ಯಜಮಾನರ ಕೆಲಸ ಹೋಯಿತು. ಎಚ್-1ಬಿ ವೀಸಾದವರಿಗೆ ಕೆಲಸ ಹೋದರೆ ಬೇರೆ ದಾರಿ ಹುಡುಕಿಕೊಳ್ಳಲು ಹೆಚ್ಚೆಂದರೆ 60 ದಿನ. 2017ರಿಂದ ಇರುವ ನಿಯಮ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನ ಎಣಿಸಿದೆವು. ಆ ದಿನಗಳಲ್ಲಿ "ಪಾಸಿಟಿವ್ ಆಗಿರಿ" ಎಂದವರ ಮಾತು ಕಿವಿಗೆ ಹೋಗಲಿಲ್ಲ. ಕೂಟದ ಒಂದು ಮನೆಯವರು ಏನೂ ಹೇಳದೆ ಬುಧವಾರ ಬುಧವಾರ ಬಿಸಿಬೇಳೆಬಾತ್ ತಂದಿಟ್ಟು ಹೋಗುತ್ತಿದ್ದರು. 47ನೇ ದಿನ ಇವರಿಗೆ ಬೇರೆ ಕೆಲಸ ಸಿಕ್ಕಿತು.

ಆದರೆ ಅದೇ ತಿಂಗಳು ಕೆಲಸ ಕಳೆದುಕೊಂಡ ನಮ್ಮ ಸ್ನೇಹಿತರ ಕುಟುಂಬ ಸಾಮಾನು ಮಾರಿ ಬೆಂಗಳೂರಿಗೆ ಹೊರಟಿತು. ಅವರೂ ನಮ್ಮಷ್ಟೇ ಪ್ರಾರ್ಥಿಸಿದ್ದರು, ಪ್ರಾಯಶಃ ಹೆಚ್ಚು. ಅವರ ಮುಂದೆ ನಿಂತು "ದೇವರು ನಮ್ಮ ಕೈ ಬಿಡಲಿಲ್ಲ" ಎಂದು ಹೇಳಲು ನನಗೆ ನಾಲಿಗೆ ಏಳಲಿಲ್ಲ. ಅವರ ಕೈ ಬಿಟ್ಟನೆಂದು ಅರ್ಥವಾಗುತ್ತಿತ್ತಲ್ಲ? ಅಂದಿನಿಂದ ನಾನು ಮಕ್ಕಳಿಗೆ ಹೀಗೆ ಕಲಿಸುತ್ತೇನೆ: ಕೃತಜ್ಞತೆ ಒಳ್ಳೆಯ ಫಲಕ್ಕೆ ಕಟ್ಟುವ ಶುಲ್ಕವಲ್ಲ. ಫಲ ಬರಲಿ ಬಾರದಿರಲಿ, ಬುಧವಾರದ ಬಿಸಿಬೇಳೆಬಾತ್ ನಿಜ. ಹೊರಟವರೂ ಅದನ್ನೇ ಹೇಳಿದರು. ಸಾಮಾನು ಕಟ್ಟಲು ಬಂದವರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ನೆನೆದರು.

ಗೋಳಾಡುವುದಕ್ಕೂ ಜಾಗವಿದೆ. ಬೈಬಲಿನ 150 ಕೀರ್ತನೆಗಳಲ್ಲಿ ದೇವರನ್ನು "ಯಾಕೆ, ಎಲ್ಲಿಯ ತನಕ?" ಎಂದು ಕೇಳುವವು ಬೇಕಾದಷ್ಟಿವೆ. ಸ್ತುತಿಯ ಪಕ್ಕದಲ್ಲೇ ಅವನ್ನೂ ಇಟ್ಟಿದ್ದಾರೆ. ಇನ್ನು ಯೇಸು ರೊಟ್ಟಿ ಹಿಡಿದು ವಂದನೆ ಸಲ್ಲಿಸಿದ್ದು, ಶಿಷ್ಯನೊಬ್ಬ ತನ್ನನ್ನು ಹಿಡಿದುಕೊಟ್ಟ ಅದೇ ರಾತ್ರಿ. ನಾವು ಪರಮಪ್ರಸಾದ ಎನ್ನುವುದಕ್ಕೆ ಗ್ರೀಕಿನಲ್ಲಿ ಯೂಕರಿಸ್ತಿಯಾ ಎಂದು ಹೆಸರು. ಅರ್ಥ, ಕೃತಜ್ಞತಾ ಸಮರ್ಪಣೆ.

೫. ಸಂಶೋಧಕರು ಕಂಡದ್ದು

ನಮ್ಮಿಂದ ಎರಡು ಗಂಟೆ ದಾರಿಯ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಎಮ್ಮನ್ಸ್ ಎಂಬ ಮನಶ್ಶಾಸ್ತ್ರಜ್ಞರು ಮೈಕೆಲ್ ಮೆಕಲಾ ಅವರ ಜೊತೆ ಮಾಡಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿ, ವಾರಕ್ಕೊಮ್ಮೆಯಂತೆ ಹತ್ತು ವಾರ, ಒಂದು ಗುಂಪಿಗೆ ಕೃತಜ್ಞತೆಯ ವಿಷಯಗಳನ್ನು, ಇನ್ನೊಂದಕ್ಕೆ ಕಿರಿಕಿರಿಗಳನ್ನು, ಮೂರನೆಯದಕ್ಕೆ ಸುಮ್ಮನೆ ನಡೆದ ಸಂಗತಿಗಳನ್ನು ಬರೆಯಲು ಹೇಳಿದರು. ಮೊದಲ ಗುಂಪಿನವರು ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ತೋರಿದರು, ಮೈಕೈ ನೋವಿನ ದೂರು ಕಡಿಮೆ, ವ್ಯಾಯಾಮ ಹೆಚ್ಚು. ಆಮೇಲಿನ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದವರು ಪರಿಣಾಮ ಇದೆ, ಆದರೆ ಸಾಧಾರಣ ಎಂದಿದ್ದಾರೆ. ಅಂದರೆ ಇದು ಔಷಧಿಗೆ ಬದಲಿಯಲ್ಲ. ಮನಸ್ಸು ಬಹಳ ಕುಗ್ಗಿದವರಿಗೆ ಡಾಕ್ಟರೇ ಬೇಕು, ಉಪದೇಶವಲ್ಲ.

೬. ಈ ದೇಶದ ಹಬ್ಬ

1621ರಲ್ಲಿ ಪ್ಲಿಮತ್‌ನಲ್ಲಿ ವಲಸಿಗರು ವಾಂಪನೊಆಗ್ ಜನರ ಜೊತೆ ಸುಗ್ಗಿಯ ಊಟ ಮಾಡಿದಾಗ, ಮೇಫ್ಲವರ್ ಹಡಗಿನಲ್ಲಿ ಬಂದಿದ್ದ 102 ಜನರಲ್ಲಿ ಸುಮಾರು ಅರ್ಧದಷ್ಟು ಜನ ಮೊದಲ ಚಳಿಗಾಲದಲ್ಲೇ ಸತ್ತಿದ್ದರು. ಅಧ್ಯಕ್ಷ ಲಿಂಕನ್ ರಾಷ್ಟ್ರೀಯ ಕೃತಜ್ಞತಾ ದಿನ ಸಾರಿದ್ದು 1863ರಲ್ಲಿ, ಅಂತರ್ಯುದ್ಧದ ನಡುವೆ. ನವೆಂಬರಿನ ನಾಲ್ಕನೇ ಗುರುವಾರ ಎಂದು ಕಾನೂನಾದದ್ದು 1941ರಲ್ಲಿ. ಅದೇ ದಿನ ಬೆಳಗಿನ ಜಾವ ಸ್ಯಾನ್ ಫ್ರಾನ್ಸಿಸ್ಕೊದ ಆಲ್ಕಟ್ರಾಜ್ ದ್ವೀಪದಲ್ಲಿ ಮೂಲನಿವಾಸಿಗಳು ಸೂರ್ಯೋದಯಕ್ಕೆ ಸೇರಿ, ತಾವು ಕಳೆದುಕೊಂಡದ್ದನ್ನು ನೆನೆಯುತ್ತಾರೆ. ನಾವು ನಿಂತಿರುವ ನೆಲ ಓಲೋನಿ ಜನರದು. ಮಾಡಿದ್ದನ್ನು ತಿಳಿಯುವುದೇ ಕೃತಜ್ಞತೆಯಾದರೆ, ಯಾರಿಗೆ ಏನು ನಷ್ಟವಾಗಿ ಇದು ನಮಗೆ ಸಿಕ್ಕಿತು ಎಂಬುದನ್ನೂ ತಿಳಿಯಬೇಕಾಗುತ್ತದೆ.

೭. ಮನೆಯಲ್ಲಿ ಮಾಡಬಹುದಾದ ಅಭ್ಯಾಸಗಳು

ಒಂದು: ಮಲಗುವ ಮುನ್ನ ಐದು ನಿಮಿಷ. ಜೆಸ್ವಿಟ್ ಸಭೆಯ ಸ್ಥಾಪಕ ಸಂತ ಇಗ್ನೇಷಿಯಸ್ ಹೇಳಿಕೊಟ್ಟ ದಿನಾಂತ್ಯದ ಆತ್ಮಪರೀಕ್ಷೆ ಕೃತಜ್ಞತೆಯಿಂದಲೇ ಆರಂಭ. ತಪ್ಪುಗಳ ಲೆಕ್ಕ ಆಮೇಲೆ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಓದಿದವರಿಗೆ ಇದು ಕೇಳಿ ಗೊತ್ತಿರಬಹುದು. ದೇವರನ್ನು ನಂಬದವರೂ ದಿನವನ್ನು ಹೀಗೆ ತಿರುಗಿ ನೋಡಬಹುದು.

ಎರಡು: ಬಿಡಿಬಿಡಿಯಾಗಿ ಹೇಳುವುದು. "ಎಲ್ಲದಕ್ಕೂ ಥ್ಯಾಂಕ್ಸ್" ಬೇಡ. ಯಾರು, ಏನು ಮಾಡಿದರು, ಅದಕ್ಕಾಗಿ ಅವರು ಏನು ಬಿಟ್ಟುಕೊಟ್ಟರು, ಈ ಮೂರನ್ನೂ ಹೇಳಲಿ. "ಅಜ್ಜಿ ರಾತ್ರಿ ಹನ್ನೊಂದಕ್ಕೆ ಎದ್ದು ಕುಳಿತು ನನಗೆ ಫೋನಿನಲ್ಲಿ ಕಥೆ ಹೇಳಿದರು" ಎಂದು ಮಗು ಹೇಳಿದರೆ ಪಾಠ ಮುಗಿದಂತೆ.

ಮೂರು: ತಿಂಗಳಿಗೆ ಒಂದು ಪತ್ರ ಅಥವಾ ಫೋನು. ನಿಮಗೆ ಅಕ್ಷರ ಕಲಿಸಿದ ಟೀಚರ್, ಮೊದಲ ಬಾಡಿಗೆ ಮನೆ ಹಿಡಿಯಲು ಸಹಾಯ ಮಾಡಿದ ಸ್ನೇಹಿತ. ಅವರು ಇರುವಾಗಲೇ ಮಾಡಿ.

ನಾಲ್ಕು: ಮೊದಲ ತುತ್ತನ್ನು ಹಂಚಿ. ನಮ್ಮೂರಿನ ಕಮ್ಯುನಿಟಿ ಸರ್ವಿಸಸ್ ಏಜೆನ್ಸಿಯಂತಹ ಸಂಸ್ಥೆಗಳು ಬಡ ಕುಟುಂಬಗಳಿಗೆ ದಿನಸಿ ಕೊಡುತ್ತವೆ. ಹಬ್ಬದ ಸಾಮಾನು ತರುವಾಗ ಮೊದಲ ಚೀಲ ಅಲ್ಲಿಗೆ ಹೋಗಲಿ, ಉಳಿದದ್ದಲ್ಲ.

ಐದು: ಹೋಲಿಸಬೇಡಿ. "ಊರಲ್ಲಿ ಎಷ್ಟೋ ಮಕ್ಕಳಿಗೆ ಊಟವಿಲ್ಲ, ನೀನು ತಟ್ಟೆ ಬಿಡ್ತೀಯಾ" ಎಂದರೆ ಮಗುವಿಗೆ ನಾಚಿಕೆ ಬರುತ್ತದೆ, ಕೃತಜ್ಞತೆ ಬರುವುದಿಲ್ಲ. ಇನ್ನೊಬ್ಬರ ಹಸಿವು ನಮ್ಮ ಸಂತೋಷಕ್ಕೆ ಕಾರಣವಾಗಬಾರದು.

೮. ಊಟದ ಮೇಜಿನಲ್ಲಿ ಕೇಳಿಕೊಳ್ಳಲು

• ಈ ವಾರ ನಿಮಗಾಗಿ ಯಾರೋ ಮಾಡಿದ, ನೀವು ಇಂದಷ್ಟೇ ಗಮನಿಸಿದ ಕೆಲಸ ಯಾವುದು?
• ಆ ಒಂಬತ್ತು ಜನ ಏಕೆ ತಿರುಗಿ ಬರಲಿಲ್ಲ? ಅವರಲ್ಲಿ ಒಬ್ಬರ ಪರವಾಗಿ ಮಾತಾಡಿ ನೋಡಿ.
• ಹೆಸರು ತಿಳಿಯದವರಿಗೆ ಹೇಗೆ ಕೃತಜ್ಞರಾಗಿರುವುದು?
• ಅಮ್ಮ ಅಪ್ಪ ಕೊನೆಯ ಸಲ ನಿಮಗೆ ಥ್ಯಾಂಕ್ಸ್ ಹೇಳಿದ್ದು ಯಾವಾಗ? (ದೊಡ್ಡವರು ಉತ್ತರ ಕೇಳಿಸಿಕೊಳ್ಳಬೇಕು!)

ಹೆಸರು ತಿಳಿದೂ ಮರೆತವರಿಗೆ ಒಂದು ಉದಾಹರಣೆ ಕೊಟ್ಟು ಮುಗಿಸುತ್ತೇನೆ. ನಾವು ಕನ್ನಡದ ಯಾವುದೋ ಪದದ ಅರ್ಥ ಹುಡುಕುವಾಗ ಜರ್ಮನಿಯಿಂದ ಬಂದ ಬಾಸೆಲ್ ಮಿಶನ್‌ನ ಫರ್ಡಿನೆಂಡ್ ಕಿಟೆಲ್ ಅವರ ಶ್ರಮ ಎಲ್ಲೋ ಹಿಂದೆ ನಿಂತಿರುತ್ತದೆ. ಅವರ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ. ಬೇರೆ ದೇಶದಿಂದ ಬಂದವರೊಬ್ಬರು ನಮ್ಮ ನುಡಿಗೆ ಅಷ್ಟು ಕೊಟ್ಟರು. ಬೇರೆ ದೇಶಕ್ಕೆ ಬಂದಿರುವ ನಾವು ಇಲ್ಲಿಗೆ ಏನು ಕೊಟ್ಟು ಹೋಗುತ್ತೇವೆ ಎಂದು ಯೋಚಿಸೋಣ. ಪಡೆದದ್ದನ್ನು ತಿಳಿದವರು ಕೊಡದೆ ಇರಲಾರರು.

ನಿಮ್ಮ ಮನೆಯ ಅಭ್ಯಾಸಗಳಿದ್ದರೆ ಸಂಪಾದಕರಿಗೆ ಬರೆದು ಕಳಿಸಿ, ಎಲ್ಲರಿಗೂ ಉಪಯೋಗವಾದೀತು.