ಹೆತ್ತವಳನ್ನು ದೂರ ಇಡಬೇಡ, ಮಗಳೇ

ಮಗಳೇ, ತಂಗಿಗೆ ಹುಟ್ಟಲಿರುವ ಮೂರನೆಯ ಮಗುವನ್ನು ನೀನೂ ಅಳಿಯನೂ ದತ್ತು ತೆಗೆದುಕೊಳ್ಳುವುದೆಂದು ಮನೆಯಲ್ಲಿ ಮಾತಾಗಿದೆಯಂತೆ. ಕೇಳಿ ತುಂಬ ಸಂತೋಷವಾಯಿತು. ನಮ್ಮ ಕಾಸರಗೋಡಿನ ಕಡೆ ಇದು ಹೊಸತಲ್ಲ. ಕುಂಬಳೆ, ಬದಿಯಡ್ಕ, ಪೆರ್ಲದ ಕಡೆಯ ಹಳೆಯ ಕೂಡುಕುಟುಂಬಗಳಲ್ಲಿ ಅಕ್ಕನಿಗೆ ತಂಗಿ, ಅಣ್ಣನಿಗೆ ತಮ್ಮ ಮಗುವನ್ನು ಕೊಟ್ಟದ್ದುಂಟು. ಆದರೆ ಮಗು ಬಂದ ಮೇಲೆ ತಂಗಿ ಬಂದು ಹೋಗುವುದು ಕಡಿಮೆಯಾದರೆ ಒಳ್ಳೆಯದು, ಇಲ್ಲದಿದ್ದರೆ ಮಗು ನಿನಗೆ ಹೊಂದಿಕೊಳ್ಳುವುದಿಲ್ಲ ಎಂದು ಯಾರೋ ನಿನ್ನ ಕಿವಿಗೆ ಹಾಕಿದ್ದಾರಂತೆ. ನಾನು ನಿಮ್ಮಿಬ್ಬರಿಗೂ ದೊಡ್ಡಮ್ಮ. ಆ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡ ಎನ್ನುವುದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನಮ್ಮೂರ ತಾಳಮದ್ದಳೆಗಳಲ್ಲಿ ‘ಕರ್ಣಭೇದನ’ವನ್ನು ರಾತ್ರಿಯಿಡೀ ಕೂತು ಕೇಳಿದವರು ನಾವು. ಕರ್ಣನಿಗೆ ತನ್ನ ಹುಟ್ಟಿನ ವಿಷಯ ತಿಳಿಯುವುದು ಯುದ್ಧ ಬಾಗಿಲಿಗೆ ಬಂದ ಮೇಲೆ. ಅದುವರೆಗೆ ತಿಳಿದವರೆಲ್ಲ ಬಾಯಿ ಮುಚ್ಚಿಕೊಂಡಿದ್ದರು. ಆಗಲೂ ಅವನು ರಾಧೆಯನ್ನು ಬಿಟ್ಟುಕೊಡಲಿಲ್ಲ. ಕುಂತಿ ಎದುರು ಬಂದು ನಿಂತದ್ದರಿಂದ ಸಾಕಿದ ತಾಯಿಯ ಸ್ಥಾನಕ್ಕೆ ಕುಂದೇನೂ ಬರಲಿಲ್ಲ. ಅವನನ್ನು ಸುಟ್ಟದ್ದು ಸತ್ಯ ತಡವಾಗಿ ಬಂದದ್ದು. ಹಾಗಾಗಿ ತಂಗಿಯ ಬಗ್ಗೆ ಹೆದರಬೇಡ. ಹೆದರಬೇಕಾದರೆ ಗುಟ್ಟಿಗೆ ಹೆದರು.

ಮೊದಲು ಕಾಗದಪತ್ರ ಸರಿಯಾಗಲಿ. ನಿಮ್ಮ ಪ್ರೀತಿಯ ಬಗ್ಗೆ ಸಂಶಯವಿಲ್ಲ. ಆದರೆ ಬಾಯಿಮಾತಿನ ದತ್ತು ಮುಂದೆ ಶಾಲೆಯಲ್ಲಿ, ಪಾಸ್‌ಪೋರ್ಟಿನಲ್ಲಿ, ಆಸ್ತಿಯ ವಿಷಯದಲ್ಲಿ ಮಗುವನ್ನೇ ಕಾಡುತ್ತದೆ. ನಮ್ಮಂಥ ಹಿಂದೂ ಕುಟುಂಬಗಳಿಗೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಇದೆ. ಹೆತ್ತ ತಾಯಿ, ತಂದೆ ಇಬ್ಬರೂ ಒಪ್ಪಬೇಕು. ಮಗುವನ್ನು ನಿಜವಾಗಿ ಕೈಯಿಂದ ಕೈಗೆ ಕೊಟ್ಟು ತೆಗೆದುಕೊಳ್ಳಬೇಕು. ದತ್ತುಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿಕೊಂಡರೆ ನಾಳೆ ಯಾರೂ ಸುಲಭವಾಗಿ ಬೆರಳು ತೋರಿಸಲಾರರು. ದತ್ತಿಗೆ ಪ್ರತಿಫಲವೆಂದು ಹಣ ಕೊಡುವುದು, ಪಡೆಯುವುದು ಎರಡೂ ಅಪರಾಧ. ಋಣ ತೀರಿಸುತ್ತೇನೆಂದು ತಂಗಿಗೆ ಚಿನ್ನ ಮಾಡಿಸಿ ಕೊಡಲು ಹೋಗಬೇಡ. ಬೇರೆ ಧರ್ಮದವರಾದರೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ದಾರಿಯಿದೆ. ಅಲ್ಲಿ ಈಗ ಜಿಲ್ಲಾಧಿಕಾರಿಯೇ ದತ್ತು ಆದೇಶ ಕೊಡುತ್ತಾರೆ.

ನಮ್ಮ ಜಿಲ್ಲೆಯವರು ಗಮನಿಸಬೇಕಾದ ಇನ್ನೊಂದು ವಿಷಯ ಇದೆ. ದತ್ತುಪತ್ರವನ್ನು ಮಲಯಾಳದಲ್ಲಿ ಬರೆಸಿದರೆ, ಕನ್ನಡ ಶಾಲೆಯಲ್ಲಿ ಕಲಿತ ನಿನ್ನ ತಂಗಿ ಅದರ ಒಂದು ಸಾಲನ್ನೂ ಓದಲಾರಳು. ಕರಡನ್ನು ಮೊದಲೇ ಕನ್ನಡದಲ್ಲಿ ಬರೆಸಿ ಅವಳ ಕೈಗೆ ಕೊಡು. ನಾಲ್ಕು ದಿನ ಅವಳ ಹತ್ತಿರವೇ ಇರಲಿ. ಒಪ್ಪಿಗೆ ಎಂದರೆ ಓದಿ, ತಿಳಿದು, ಬೇಡವೆನ್ನಲು ಅವಕಾಶ ಇದ್ದೂ ಒಪ್ಪುವುದು. 2021ರಲ್ಲಿ ತಿರುವನಂತಪುರದ ತಾಯಿಯೊಬ್ಬಳು ತನ್ನ ಒಪ್ಪಿಗೆಯಿಲ್ಲದೆ ಮಗುವನ್ನು ದತ್ತು ಕೊಟ್ಟರೆಂದು ಹೋರಾಡಿದಳು. ಮಗು ಆಗಲೇ ಆಂಧ್ರದ ದಂಪತಿಯ ಮಡಿಲು ಸೇರಿತ್ತು. ಡಿಎನ್‌ಎ ಪರೀಕ್ಷೆಯಾಗಿ ಆ ನವೆಂಬರಿನಲ್ಲಿ ಮಗು ಹೆತ್ತವಳಿಗೆ ಸಿಕ್ಕಿತು. ಎತ್ತಿ ಆಡಿಸಿದ ಆ ದಂಪತಿಯ ಕರುಳು ಹೇಗೆ ಹಿಂಡಿರಬೇಡ! ಒಬ್ಬಳ ಒಪ್ಪಿಗೆಯನ್ನು ಹಗುರವಾಗಿ ಕಂಡರೆ ಎರಡು ಮನೆಗಳು ಅಳುತ್ತವೆ.

ಬಾಲನ್ಯಾಯ ಕಾಯ್ದೆಯಲ್ಲಿ ಮಗುವನ್ನು ಒಪ್ಪಿಸಿದ ತಾಯಿಗೆ ಮನಸ್ಸು ಬದಲಿಸಲು 60 ದಿನಗಳ ಅವಕಾಶ ಇದೆ. ಮನೆಯೊಳಗಿನ ನಮ್ಮ ದತ್ತಿಗೆ ಅಂಥ ನಿಯಮ ಇಲ್ಲ, ಒಮ್ಮೆ ಕ್ರಮಬದ್ಧವಾಗಿ ಆದ ದತ್ತನ್ನು ರದ್ದು ಮಾಡಲೂ ಆಗುವುದಿಲ್ಲ. ಅದಕ್ಕೇ ಹೇಳುತ್ತೇನೆ, ಆ 60 ದಿನಗಳನ್ನು ನೀನಾಗಿಯೇ ಅವಳಿಗೆ ಕೊಡು; ಮಗು ಮೊದಲೇ ನಿನ್ನ ಮನೆಗೆ ಬಂದರೂ ದತ್ತು ಆಮೇಲೆಯೇ ಆಗಲಿ. ಹೆರಿಗೆಗೆ ಮುಂಚೆ ಆಡಿದ ಮಾತು ಬೇರೆ, ಮಗುವಿನ ಮುಖ ನೋಡಿದ ಮೇಲಿನ ಮನಸ್ಸು ಬೇರೆ. ಅವಳು ಆಗ ಬೇಡವೆಂದರೆ ನಿನಗೆ ನೋವಾದೀತು, ಆದರೆ ಅಕ್ಕ ತಂಗಿಯರ ಸಂಬಂಧ ಉಳಿಯುತ್ತದೆ. ಆಗಲೂ ಕೊಡುತ್ತೇನೆಂದರೆ ಅದು ಎಂದೂ ಕದಲದ ಮಾತು.

ಇನ್ನು ಬಾಣಂತನದ ವಿಷಯ. ಇದನ್ನು ಎಲ್ಲರೂ ಮರೆಯುತ್ತಾರೆ. ತೊಟ್ಟಿಲು ನಿನ್ನ ಮನೆಯಲ್ಲಿ ತೂಗುವಾಗ ನೆಂಟರೆಲ್ಲ ಅಲ್ಲಿ ಸೇರುತ್ತಾರೆ, ಹೆತ್ತವಳ ಕೋಣೆಗೆ ಇಣುಕುವವರಿಲ್ಲ. ಮಗು ಪಕ್ಕದಲ್ಲಿ ಇಲ್ಲದಿದ್ದರೂ ಎದೆಗೆ ಹಾಲು ಇಳಿಯುವುದು ಕೂಡಲೇ ನಿಲ್ಲುವುದಿಲ್ಲ. ಕಟ್ಟಿಕೊಂಡು ಎದೆ ಕಲ್ಲಾಗುತ್ತದೆ, ರವಕೆ ಒದ್ದೆಯಾಗುತ್ತದೆ, ಜ್ವರವೂ ಬರಬಹುದು. ಅವಳಿಗೂ ಎಣ್ಣೆ, ಬಿಸಿನೀರು, ಬಾಣಂತಿ ಮದ್ದು, ಹೊತ್ತಿಗೆ ಸರಿಯಾಗಿ ಬಿಸಿ ಊಟ ಆಗಬೇಕು. ಮಗು ಕೊಟ್ಟರೂ ಅವಳು ಬಾಣಂತಿಯೇ. ನಲವತ್ತು ದಿನವೂ ಅವಳ ಆರೈಕೆಗೆ ನೀನೇ ಮುಂದೆ ನಿಲ್ಲು. ಮೊದಲ ಕೆಲವು ವಾರ ಹಾಲೂಡಿಸಲು ಅವಳಿಗೆ ಮನಸ್ಸಿದ್ದರೆ ಊಡಿಸಲಿ, ಊಡಿಸಿದರೆ ಬಿಟ್ಟುಕೊಡುವುದು ಕಷ್ಟ ಎಂದರೆ ಒತ್ತಾಯ ಬೇಡ.

ಮುಂದೆ ತಂಗಿ ಬಂದು ಹೋಗುವ ಬಗ್ಗೆ ಮೊದಲೇ ಮಾತಾಡಿಕೊಳ್ಳಿ. ಅಮೆರಿಕದಲ್ಲಿ ಗುರುತಿಲ್ಲದವರ ನಡುವೆಯೂ ಪತ್ರ, ಫೋಟೊ, ಭೇಟಿ ಎಂದು ಗೊತ್ತುಮಾಡಿಕೊಂಡು ದತ್ತು ನಡೆಸುತ್ತಾರೆ. ನಿಮಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಅವಳು ಹೇಗೂ ಮಗುವಿಗೆ ಚಿಕ್ಕಮ್ಮ. ಹಾಗೆಯೇ ಬರಲಿ, ಹಾಗೆಯೇ ಎತ್ತಿಕೊಳ್ಳಲಿ. ಆದರೆ ಯಾವ ಶಾಲೆ, ಯಾವ ಮದ್ದು, ಗದರಬೇಕೋ ಬೇಡವೋ ಎನ್ನುವುದು ನಿನ್ನ, ಅಳಿಯನ ತೀರ್ಮಾನ. ಇದನ್ನು ನಗುನಗುತ್ತಲೇ, ಸ್ಪಷ್ಟವಾಗಿ ಹೇಳು. ಮಗು ಬಿದ್ದು ಅತ್ತು ಅವಳತ್ತ ಓಡಿದ ದಿನ ನಿನ್ನ ಎದೆ ಚುಳ್ಳೆನ್ನುತ್ತದೆ. ಎನ್ನಲಿ. ಮಗುವನ್ನು ಕಿತ್ತುಕೊಳ್ಳಬೇಡ. ಅವಳೂ ಹಿಂದೆ ಸರಿಯುವುದನ್ನು ಕಲಿಯುತ್ತಿರುತ್ತಾಳೆ.

ಮಗುವಿಗೆ ಹೇಳುವುದನ್ನು ಹದಿನೆಂಟಾಗಲಿ, ಮದುವೆ ಹತ್ತಿರವಾಗಲಿ ಎಂದು ಮುಂದೆ ಹಾಕಬೇಡ. ಮಾತು ತಿಳಿಯುವ ಮೊದಲೇ, ಸ್ನಾನ ಮಾಡಿಸುವಾಗ, ಊಟ ಮಾಡಿಸುವಾಗ ಹೇಳುತ್ತಾ ಬಾ: “ನೀನು ಚಿಕ್ಕಮ್ಮನ ಹೊಟ್ಟೆಯಲ್ಲಿ ಬೆಳೆದೆ, ನಮ್ಮ ಮಗುವಾಗಿ ಬಂದೆ.” ಇಲ್ಲವಾದರೆ ಯಾವುದೋ ಮದುವೆ ಚಪ್ಪರದಲ್ಲಿ ಯಾರೋ ಹೇಳಿಬಿಡುತ್ತಾರೆ. “ನಿನ್ನ ನಿಜವಾದ ಅಮ್ಮ ಯಾರು?” ಎಂದು ಕೇಳುವವರಿಗೆ ನಮ್ಮಲ್ಲಿ ಬರವಿಲ್ಲ. ನೀವು ಅಕ್ಕ ತಂಗಿಯರಿಬ್ಬರೂ ಒಟ್ಟಿಗೆ ನಿಂತು ಉತ್ತರಿಸಿ. ವೈದ್ಯರ ಬಳಿಯೂ ಈ ಮುಚ್ಚುಮರೆಯಿಲ್ಲದ ಮಾತು ಬೇಕು. ಎಂಡೋಸಲ್ಫಾನ್ ಕೀಟನಾಶಕದ ನೋವುಂಡ ನಮ್ಮ ಜಿಲ್ಲೆಯಲ್ಲಿ ಬಸುರಿ ಎಲ್ಲಿದ್ದಳು, ಏನು ಕಾಯಿಲೆ ಇತ್ತು ಎಂದು ಕೇಳಿದರೆ ಉತ್ತರ ಹೇಳಬಲ್ಲವಳು ಹೆತ್ತವಳೇ.

ನಿನ್ನ ಗೆಳತಿಯರಲ್ಲಿ ಯಾರಾದರೂ ಕೇಂದ್ರ ಸರಕಾರದ ದತ್ತು ಪ್ರಾಧಿಕಾರವಾದ ಕಾರಾ ಮೂಲಕ ದತ್ತು ಪಡೆದವರಿದ್ದರೆ ಅವರಿಗೂ ಹೇಳು. ಅಲ್ಲಿ ಹೆತ್ತವರ ಹೆಸರನ್ನು ಗೋಪ್ಯವಾಗಿಡುತ್ತಾರೆ, ಸ್ನೇಹಕ್ಕೆ ದಾರಿಯಿಲ್ಲ. ಸಂಸ್ಥೆ ಕೊಟ್ಟ ಮಗುವಿನ ಅಧ್ಯಯನ ವರದಿ, ವೈದ್ಯಕೀಯ ವರದಿಗಳನ್ನು ಜೋಪಾನವಾಗಿಡಲಿ. ಹದಿನೆಂಟು ತುಂಬಿದ ಮೇಲೆ ಮಗು ತನ್ನ ಮೂಲವನ್ನು ತಾನೇ ವಿಚಾರಿಸಲು ಅವಕಾಶ ಇದೆ. ಕಾಣದ ಆ ತಾಯಿಯ ಬಗ್ಗೆ ಮನೆಯಲ್ಲಿ ಒಂದೂ ಕೆಟ್ಟ ಮಾತು ಬಾರದಿರಲಿ.

ಈಗ ನೀನು ಮಾಡಬೇಕಾದದ್ದು ಇಷ್ಟೇ. ಗಂಡಸರು ವಕೀಲರ ಹತ್ತಿರ ಹೋಗುವ ಮೊದಲು ನೀವಿಬ್ಬರೇ ಕೂತು ಮಾತಾಡಿ. ಅವಳಿಗೆ ಏನು ಭಯ ಎಂದು ಕೇಳು, ನಿನ್ನ ಭಯವನ್ನೂ ಹೇಳು. ಆ ಮಾತು ಮುಗಿದ ಮೇಲೆ ಮಿಕ್ಕ ಕೆಲಸಕ್ಕೆ ನಾವೆಲ್ಲ ಇದ್ದೇವೆ.