ಗಡಿ ದಾಟಿದರೆ ಬದಲಾಗುವ ಕಾನೂನು, ಬದಲಾಗದ ಹೊಣೆ

ಅಮಲು ಪದಾರ್ಥಗಳ ಕುರಿತ ಕಾನೂನು ಎಲ್ಲ ನಾಡುಗಳಲ್ಲಿ ಒಂದೇ ರೀತಿ ಇರುವುದಿಲ್ಲ. ಇದನ್ನು ತಿಳಿಯಲು ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಓದುಗರು ದೂರ ಹೋಗಬೇಕಾಗಿಲ್ಲ. ಪಾವಗಡ ತಾಲೂಕನ್ನು ಬಹುತೇಕ ಆಂಧ್ರಪ್ರದೇಶವೇ ಸುತ್ತುವರಿದಿದೆ. 1995ರ ಜನವರಿಯಲ್ಲಿ ಆಂಧ್ರದಲ್ಲಿ ಪಾನನಿಷೇಧ ಜಾರಿಗೆ ಬಂದಾಗ ಗಡಿಯ ಈಚೆ ಸಾರಾಯಿ ಅಂಗಡಿಗಳು ತೆರೆದೇ ಇದ್ದವು. 1997ರಲ್ಲಿ ಆ ನಿಷೇಧ ಸಡಿಲಗೊಂಡಿತು. ಮುಂದೆ ಕರ್ನಾಟಕ ಸರಕಾರ 2004ರಲ್ಲಿ ತುಮಕೂರು ಮೊದಲಾದ ಒಳನಾಡಿನ ಜಿಲ್ಲೆಗಳಲ್ಲಿ ಹೆಂಡವನ್ನೂ, 2007ರ ಜುಲೈ 1ರಿಂದ ರಾಜ್ಯದಾದ್ಯಂತ ಸಾರಾಯಿಯನ್ನೂ ನಿಷೇಧಿಸಿತು. ಆದರೆ ಗಡಿಯಾಚೆ ಹೆಂಡಕ್ಕೆ ಪರವಾನಗಿ ಇತ್ತು. ಈಚಲು ಮರ ಎರಡೂ ಕಡೆ ಒಂದೇ, ಕಾನೂನು ಮಾತ್ರ ಬೇರೆ. ಕುಡುಕನ ಮನೆಯ ಒಲೆಯಂತೂ ಎರಡೂ ಕಡೆ ಒಂದೇ ರೀತಿ ಆರುತ್ತದೆ.

ಗಾಂಜಾ ಒಂದು, ಶಿಕ್ಷೆ ಹಲವು

ನಮ್ಮ ದೇಶದಲ್ಲಿ ಮಾದಕದ್ರವ್ಯಗಳ ಮುಖ್ಯ ಕಾನೂನು 1985ರ ಎನ್.ಡಿ.ಪಿ.ಎಸ್. ಕಾಯಿದೆ. ಇದರಲ್ಲಿ ಶಿಕ್ಷೆ ತೂಕವನ್ನು ಅನುಸರಿಸುತ್ತದೆ. ಗಾಂಜಾ 1 ಕಿಲೋಗಿಂತ ಕಡಿಮೆ ಇದ್ದರೆ ಅದು ಅಲ್ಪ ಪ್ರಮಾಣ. ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೆ 10,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. 20 ಕಿಲೋಗಿಂತ ಹೆಚ್ಚಿದ್ದರೆ ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ ಕಠಿಣ ಸೆರೆವಾಸ. ಹೊಲದ ನಡುವೆ ಗಾಂಜಾ ಗಿಡ ಬೆಳೆಸಿದವನಿಗೂ 10 ವರ್ಷದವರೆಗೆ ಶಿಕ್ಷೆಯುಂಟು.

ಅದೇ ಗಾಂಜಾ ಸಿಂಗಾಪುರದಲ್ಲಿ 500 ಗ್ರಾಂ ಮೀರಿದರೆ, ಸಾಗಿಸಿದವನು ಮರಣದಂಡನೆಗೆ ಗುರಿಯಾಗಬಹುದು. ಅಂದರೆ ಮಧುಗಿರಿಯಲ್ಲಿ 600 ಗ್ರಾಮಿಗೆ ಒಂದು ವರ್ಷ ಮೀರದ ಸೆರೆವಾಸ, ಅಲ್ಲಿ ನೇಣುಗಂಬ! ಸೌದಿ ಅರೇಬಿಯದಲ್ಲಿ ಮಾದಕದ್ರವ್ಯ ಸಾಗಾಟಕ್ಕೆ ಮರಣದಂಡನೆ ಇದೆ. ಸುಮಾರು ಮೂರು ವರ್ಷ ತಡೆಹಿಡಿದಿದ್ದ ಈ ಶಿಕ್ಷೆಯನ್ನು 2022ರ ನವೆಂಬರಿನಲ್ಲಿ ಅಲ್ಲಿ ಮತ್ತೆ ಜಾರಿಗೊಳಿಸಲಾಯಿತು.

ಇನ್ನೊಂದು ಕಡೆ ನೋಡಿ. ಪೋರ್ಚುಗಲ್ 2001ರಿಂದ, ಸ್ವಂತ ಬಳಕೆಗೆಂದು ಇಟ್ಟುಕೊಂಡ ಅಲ್ಪ ಪ್ರಮಾಣವನ್ನು ಕ್ರಿಮಿನಲ್ ಅಪರಾಧವೆಂದು ಎಣಿಸುವುದಿಲ್ಲ. ಕೆನಡಾ 2018ರಲ್ಲಿ ವಯಸ್ಕರಿಗೆ ಗಾಂಜಾ ಮಾರಾಟವನ್ನು ಕಾನೂನುಬದ್ಧಗೊಳಿಸಿತು. ಆದರೂ ಅದನ್ನು ದೇಶದ ಗಡಿ ದಾಟಿಸುವುದು ಅಲ್ಲಿಯೂ ಅಪರಾಧವೇ. ಥಾಯ್ಲೆಂಡ್ 2022ರಲ್ಲಿ ಗಾಂಜಾವನ್ನು ಮಾದಕದ್ರವ್ಯಗಳ ಪಟ್ಟಿಯಿಂದ ತೆಗೆದು, 2025ರಲ್ಲಿ ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಮತ್ತೆ ಬಿಗಿಗೊಳಿಸಿತು.

ಅಡುಗೆಮನೆಯ ಡಬ್ಬಿಯಲ್ಲಿರುವ ಅಪಾಯ

ಗಾಂಜಾದ ತಂಟೆಗೇ ಹೋಗದವರಿಗೆ ಇದೆಲ್ಲ ಏಕೆ ಎಂದು ನೀವು ಕೇಳಬಹುದು. ಪಾಯಸಕ್ಕೆ ಹಾಕುವ ಗಸಗಸೆಯನ್ನೇ ತೆಗೆದುಕೊಳ್ಳಿ. ಅದು ಅಫೀಮಿನ ಗಿಡದ ಬೀಜ. ನಮ್ಮ ಕಾಯಿದೆ ಬೀಜವನ್ನು ನಿಷೇಧದಿಂದ ಹೊರಗಿಟ್ಟಿದೆ, ಆದ್ದರಿಂದ ಅದು ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ. ಆದರೆ ಸೌದಿ ಅರೇಬಿಯ, ಸಂಯುಕ್ತ ಅರಬ್ ಸಂಸ್ಥಾನ, ಸಿಂಗಾಪುರಗಳಿಗೆ ಅದನ್ನು ಒಯ್ಯುವಂತಿಲ್ಲ. ಹಜ್ ಯಾತ್ರಿಕರಿಗೂ ಈ ಎಚ್ಚರಿಕೆಯನ್ನು ಕೊಡಲಾಗುತ್ತದೆ. ಕೊಡೀನ್ ಬೆರೆತ ಕೆಮ್ಮಿನ ಸಿರಪ್ಪು, ಟ್ರಮಡಾಲ್‌ನಂತಹ ನೋವಿನ ಮಾತ್ರೆಗಳ ವಿಷಯದಲ್ಲೂ ಕೊಲ್ಲಿ ರಾಷ್ಟ್ರಗಳಲ್ಲಿ ಬಿಗಿಯಾದ ನಿಯಮಗಳಿವೆ.

ಇನ್ನೊಬ್ಬರು ಕೊಟ್ಟ ಗಂಟಂತೂ ಇನ್ನೂ ಅಪಾಯಕರ. 2019ರ ಜುಲೈಯಲ್ಲಿ ಮುಂಬೈಯ ಯುವ ದಂಪತಿಗಳು ಕತಾರಿನ ದೋಹಾ ವಿಮಾನ ನಿಲ್ದಾಣದಲ್ಲಿ ಬಂಧಿತರಾದರು. ಬಂಧುವೊಬ್ಬರು ಕೊಟ್ಟ ಪೊಟ್ಟಣದಲ್ಲಿ 4 ಕಿಲೋಗೂ ಹೆಚ್ಚು ಚರಸ್ ಇತ್ತು. ಇಬ್ಬರಿಗೂ 10 ವರ್ಷ ಶಿಕ್ಷೆಯಾಯಿತು. ಗರ್ಭಿಣಿಯಾಗಿದ್ದ ಆಕೆ ಸೆರೆಮನೆಯಲ್ಲೇ ಮಗುವನ್ನು ಹೆತ್ತರು. ನಿರ್ದೋಷಿಗಳೆಂದು ಸಾಬೀತಾಗಿ ಅವರು ಬಿಡುಗಡೆಯಾದದ್ದು 2021ರಲ್ಲಿ.

ಸತ್ಯವಿಶ್ವಾಸಿಯ ಎರಡು ಹೊಣೆಗಳು

ಇಲ್ಲಿ ಎರಡು ವಿಷಯಗಳನ್ನು ಬೇರೆ ಬೇರೆಯಾಗಿ ಅರಿತುಕೊಳ್ಳಬೇಕು.

ಮೊದಲನೆಯದು, ಒಂದು ಸರಕಾರ ಅನುಮತಿ ಕೊಟ್ಟ ಮಾತ್ರಕ್ಕೆ ಅಮಲು ಪದಾರ್ಥ ಹಲಾಲ್ ಆಗುವುದಿಲ್ಲ. ಪವಿತ್ರ ಕುರ್‌ಆನಿನ ಅಲ್ ಮಾಇದಾ ಅಧ್ಯಾಯದ 90ನೆಯ ವಚನ ಮದ್ಯವನ್ನು ಜೂಜಿನ ಜೊತೆ ಸೇರಿಸಿ, ಅದರಿಂದ ದೂರವಿರಲು ಆಜ್ಞಾಪಿಸಿದೆ. ಅಮಲೇರಿಸುವ ವಸ್ತುವನ್ನು ಹೆಚ್ಚಾಗಿ ಮಾತ್ರವಲ್ಲ, ಕೊಂಚವೂ ಸೇವಿಸಕೂಡದೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ನ್ಯಾಯಾಲಯದ ತಕ್ಕಡಿಯಲ್ಲಿ ಅಲ್ಪ ಪ್ರಮಾಣಕ್ಕೆ ರಿಯಾಯಿತಿ ಇರಬಹುದು, ಧರ್ಮದಲ್ಲಿ ಇಲ್ಲ. ಹೆಂಡಕ್ಕಾಗಿ ಗಡಿ ದಾಟುವವನೂ ಗಾಂಜಾಕ್ಕಾಗಿ ವಿಮಾನ ಹತ್ತುವವನೂ ಮಾಡುವ ತಪ್ಪು ಒಂದೇ.

ಎರಡನೆಯದು, ಗಸಗಸೆಯಂತಹ ವಸ್ತು ನಮಗೆ ಆಹಾರವಾಗಿದ್ದರೂ, ಅದನ್ನು ತಡೆದಿರುವ ದೇಶಕ್ಕೆ ಒಯ್ಯುವುದು ಸರಿಯಲ್ಲ. ವೀಸಾ ಪಡೆದು ಒಂದು ನಾಡನ್ನು ಪ್ರವೇಶಿಸುವುದೆಂದರೆ ಅಲ್ಲಿನ ನಿಯಮ ಪಾಲಿಸುತ್ತೇನೆಂದು ಮಾಡುವ ಕರಾರು. ಕರಾರುಗಳನ್ನು ಪೂರೈಸಬೇಕೆಂಬುದು ಅದೇ ಅಲ್ ಮಾಇದಾ ಅಧ್ಯಾಯದ ಮೊದಲ ವಚನದ ಆದೇಶ. ‘ನಮಗೆ ಗೊತ್ತಿರಲಿಲ್ಲ’ ಎಂಬ ಉತ್ತರ ಕಸ್ಟಮ್ಸ್ ಅಧಿಕಾರಿಯ ಮುಂದೆ ನಡೆಯದು.

ಹೊರಡುವ ಮುನ್ನ

ನಿಮ್ಮ ಮನೆಯಿಂದ ಯಾರಾದರೂ ಉಮ್ರಾಕ್ಕೋ ದುಡಿಮೆಗೋ ಹೊರಡುವಾಗ ಈ ವಿಷಯಗಳನ್ನು ಗಮನಿಸಿ:

1. ಪೆಟ್ಟಿಗೆಯನ್ನು ಪ್ರಯಾಣ ಮಾಡುವವರೇ ಕೈಯಾರೆ ತುಂಬಲಿ. ಮಸಾಲೆ ಪುಡಿಯಲ್ಲಿ ಗಸಗಸೆ ಬೆರೆತಿದೆಯೇ ಎಂದು ಅಡುಗೆ ಮಾಡಿದವರನ್ನು ಕೇಳಿ.

2. ಔಷಧಿಗಳನ್ನು ಅಂಗಡಿಯ ಮೂಲ ಪೊಟ್ಟಣದಲ್ಲಿಯೇ, ವೈದ್ಯರ ಚೀಟಿಯೊಂದಿಗೆ ಒಯ್ಯಿರಿ. ಮೊದಲೇ ಅನುಮತಿ ಬೇಕೇ ಎಂದು ಆ ದೇಶದ ರಾಯಭಾರ ಕಚೇರಿಯಿಂದ ತಿಳಿದುಕೊಳ್ಳಿ.

3. ಬಿಚ್ಚಿ ನೋಡದ ಗಂಟನ್ನು ಯಾರಿಂದಲೂ ಸ್ವೀಕರಿಸಬೇಡಿ. ಅಮಾನತ್ತು ಕಾಯುವುದು ಪುಣ್ಯಕಾರ್ಯ ನಿಜ. ಆದರೆ ಒಳಗೇನಿದೆ ಎಂದು ತಿಳಿಯದೆ ಅದನ್ನು ಕಾಯುವುದಾದರೂ ಹೇಗೆ? ಬಂಧುವೇ ಆಗಲಿ, ‘ಅಣ್ಣಾ, ಬಿಚ್ಚಿ ತೋರಿಸಿ, ಆಮೇಲೆ ಒಯ್ಯುತ್ತೇನೆ’ ಎನ್ನಲು ಸಂಕೋಚ ಬೇಡ. ಪ್ರಾಮಾಣಿಕನಾದವನು ಇದಕ್ಕೆ ಮುನಿಸಿಕೊಳ್ಳಲಾರ.

ಅಲ್ಲಾಹನು ನಮ್ಮ ಮಕ್ಕಳನ್ನು ಅಮಲಿನಿಂದಲೂ, ನಮ್ಮ ಪ್ರಯಾಣಿಕರನ್ನು ಅರಿಯದೆ ಬೀಳುವ ಬಲೆಗಳಿಂದಲೂ ಕಾಪಾಡಲಿ.